ಗೋಡೆ ಮುಟ್ಟದ ಚಿತ್ರಕಲೆ

ಶಿವನು ಮನುಷ್ಯನಿಗೆ ಬೆನ್ನನ್ನು ಕೊಟ್ಟನು. ಅದನ್ನು ನೋಡುವ ಕಣ್ಣನ್ನು ಮಾತ್ರ ನೆರೆಹೊರೆಯವರಿಗೆ ಕೊಟ್ಟನು. ಇದರಲ್ಲಿ ಅವನ ಉದ್ದೇಶವೇನೋ ನಾನರಿಯೆ. ಇದರಿಂದ ನಮ್ಮ ಪಕ್ಕದ ಮನೆಯ ಉಜ್ಜನಪ್ಪನಿಗೆ ಒದಗಿದ ಫಜೀತಿಯನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಬೇಸಿಗೆ. ಉಜ್ಜನಪ್ಪ ದಾವಣಗೆರೆಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಬಹಳ ಒಳ್ಳೆಯವನು. ಅವನಿಗಿದ್ದ ದೋಷ ಒಂದೇ. ನಿನ್ನೆ ಕೇಳಿದ ಮಾತನ್ನು ಇವತ್ತು ಹುಟ್ಟುವಾಗಲೇ ಬಲ್ಲವನಂತೆ ಹೇಳುತ್ತಿದ್ದ. ಒಮ್ಮೆ ರೈಲಿನಲ್ಲಿ ಒಬ್ಬ ನಾಟಿ ವೈದ್ಯನ ಪಕ್ಕದಲ್ಲಿ ಕೂತು ಬಂದವನು ಒಂದು ತಿಂಗಳು ಇಡೀ ಓಣಿಗೆ ಕಷಾಯ ಕುಡಿಸಿದ್ದ. ನಾವು ಬದುಕಿದ್ದು ಗುರುಕೃಪೆ.

ಅವನ ತಾಯಿ ಮರುಳಸಿದ್ದಮ್ಮನಿಗೆ ಎಂಬತ್ತರ ಹತ್ತಿರ ವಯಸ್ಸು. ಆ ಮುದುಕಿಗೆ ಲೋಕದಲ್ಲಿ ಉಳಿದಿದ್ದ ಆಸೆ ಒಂದೇ. ಮಠದ ಹಿರಿಯ ಗುರುಗಳು ತಮ್ಮ ಮನೆಗೆ ಪಾದಪೂಜೆಗೆ ಬರಬೇಕು. "ಗುರುವಿನ ಪಾದ ಈ ಹೊಸಲು ದಾಟಿದ್ದ ನೋಡಿ ಕಣ್ಣು ಮುಚ್ತೀನಿ. ಅಲ್ಲೀಮಟ ಯಮ ಬಂದ್ರೂ ಕಟ್ಟಿಮ್ಯಾಲೆ ಕೂಡ್ಲಿ" ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷ ಕಾದ ಮೇಲೆ ಆ ವರ್ಷ ಸರದಿ ಬಂತು. ಸೋಮವಾರ ಬೆಳಿಗ್ಗೆ ಎಂದು ಮಠದಿಂದ ಹೇಳಿಕೆಯಾಯಿತು.

ಮನೆಗೆಲ್ಲ ಸುಣ್ಣ ಬಳಿಸಿದರು. ನಡುಮನೆಯ ಗೋಡೆ ಕೊಕ್ಕರೆಯ ರೆಕ್ಕೆಯ ಹಾಗೆ ಬೆಳ್ಳಗಾಯಿತು. ಆಗ ಉಜ್ಜನಪ್ಪನ ಹೆಂಡತಿ ಅನ್ನಪೂರ್ಣಮ್ಮನಿಗೆ ಒಂದು ವಿಷಯ ನೆನಪಾಗಿ ಎದೆ ಧಸಕ್ಕೆಂದಿತು. ಬೇಸಿಗೆ ರಜೆಗೆ ಹರಿಹರದಿಂದ ನಾದಿನಿ ಹಾಲಮ್ಮನ ಮಕ್ಕಳು ಬರುವವರಿದ್ದರು. ಎಂಟು ವರ್ಷದ ನೀಲಿ, ಐದು ವರ್ಷದ ಕೊಟ್ರಿ. ಹಿಂದಿನ ವರ್ಷ ಇವರಿಬ್ಬರೂ ಇದ್ದಿಲಿನಿಂದ ಗೋಡೆಯ ಮೇಲೆ ರೈಲುಗಾಡಿ ಬರೆದಿದ್ದರು. ಇಂಜಿನು ನಡುಮನೆಯಲ್ಲಿತ್ತು, ಗಾರ್ಡಿನ ಡಬ್ಬಿ ಅಡಿಗೆಮನೆಯಲ್ಲಿತ್ತು.

"ಸೋಮವಾರದ ತನಕ ಆ ಹುಡುಗೇರ ಕೈ ಗೋಡಿಗೆ ಹತ್ತಬಾರ್ದು. ಹೆಂಗೆ ಮಾಡ್ತೀರೋ ನಿಮಗೇ ಬಿಟ್ಟೀನಿ" ಎಂದಳು.

"ನೀ ಯಾಕ ಚಿಂತೆ ಮಾಡ್ತಿ?" ಎಂದ ಉಜ್ಜನಪ್ಪ. ಮಕ್ಕಳನ್ನು ಕರೆತರಲು ಹರಿಹರಕ್ಕೆ ಹೋದ. ಅಲ್ಲಿ ಬಿಸಿಲಿಗೆ ಸೋತು ನೆರಳಿಗೆಂದು ಒಂದು ಚಪ್ಪರದೊಳಗೆ ಹೊಕ್ಕ. ಅದು ಮಕ್ಕಳ ಶಿಕ್ಷಣದ ಸಭೆ. ಯಾರೋ ಒಬ್ಬ ಮಹನೀಯರು ಭಾಷಣ ಮಾಡಿ, ಮಕ್ಕಳ ಕೈ ಕಟ್ಟಬೇಡಿ, ಮನೆಯಲ್ಲಿರುವ ಎಲೆ, ದಾರ, ಕಾಳು, ದಂಟುಗಳನ್ನೇ ಕೊಡಿ, ಕಾಸು ಖರ್ಚಿಲ್ಲ, ಮನೆ ಗಲೀಜಾಗುವುದಿಲ್ಲ ಎಂದು ಹೇಳಿ ಒಂದೊಂದು ಕರಪತ್ರ ಹಂಚಿದರು. ಉಜ್ಜನಪ್ಪ ಅದನ್ನು ಓದುತ್ತಲೇ ಊರಿಗೆ ಬಂದ. ರೈಲು ಇಳಿಯುವ ಹೊತ್ತಿಗೆ ಅವನು ಮಕ್ಕಳ ಚಿತ್ರಕಲೆಯಲ್ಲಿ ಪಂಡಿತನಾಗಿದ್ದ.

ಭಾನುವಾರ ಬೆಳಿಗ್ಗೆ ತನ್ನ ಮನೆಯ ಕಟ್ಟೆಯ ಮೇಲೆ ಪಾಠ ಆರಂಭಿಸಿದ. ನಾನು ನಮ್ಮ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ.

"ನೋಡ್ರವ್ವಾ, ಇದು ಎಲೆ. ಇದು ದಾರ. ಒಂದು ಮಾವಿನೆಲೆ, ಒಂದು ಬೇವಿನ ಕುಡಿ. ಒಂದು ಮಾವು, ಒಂದು ಬೇವು. ಹಿಂಗೇ ಕಟ್ಟಬೇಕು. ಇದಕ್ಕ ಕಲೆ ಅಂತಾರೆ."

"ಇದಕ್ಕ ತೋರಣ ಅಂತಾರೆ ಮಾಮ" ಎಂದಳು ನೀಲಿ.

"ನಿಮ್ಮಜ್ಜಿ ಕಟ್ಟಿದ್ರೆ ತೋರಣ. ತಿಳಕೊಂಡು ಕಟ್ಟಿದ್ರೆ ಕಲೆ. ಬಾಯಿ ಮುಚ್ಚಿ ಕಟ್ಟು."

ತೋರಣ ಚೆನ್ನಾಗಿಯೇ ಆಯಿತು. ಉಜ್ಜನಪ್ಪ ಅದನ್ನು ತಲೆಬಾಗಿಲಿಗೆ ಕಟ್ಟಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ನನ್ನ ಕಡೆ ತಿರುಗಿದ. "ನೋಡಿದ್ರಾ ಯಜಮಾನ್ರೇ? ಒಂದು ಚೂರು ಗಲೀಜಿಲ್ಲ!" ಎಂದ. ನಂತರ ಊಟ ಮಾಡಿ, ಸೆಖೆಗೆ ಅಂಗಿ ತೆಗೆದು, ನಡುಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿದ. ಮಲಗುವ ಮೊದಲು, "ಇನ್ನೇನರ ಮಾಡ್ರಿ. ದಂಟು ಐತೆ, ಕಾಳು ಐತೆ. ಗೋಡೆ ಮಾತ್ರ ಮುಟ್ಟಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟ.

ಆ ಮಧ್ಯಾಹ್ನ ಎರಡು ಘಟನೆಗಳು ಒಟ್ಟಿಗೆ ನಡೆದವು. ಆಗ ಅವು ಯಾರ ಗಮನಕ್ಕೂ ಬರಲಿಲ್ಲ.

ಮೊದಲನೆಯದು ಹೊರಗೆ. ಗುಡಿಗೆ ಬಿಟ್ಟ ಬಸವ ನಮ್ಮ ಓಣಿಗೆ ಬಂತು. ಅದು ಉಜ್ಜನಪ್ಪನ ಬಾಗಿಲಲ್ಲಿ ನಿಂತು ಕತ್ತೆತ್ತಿದ್ದನ್ನು ನಾನು ನೋಡಿದೆ. ಸಾಕ್ಷಾತ್ ನಂದಿ ಎಂದುಕೊಂಡು ಎದ್ದು, ಕೈಮುಗಿದು, ಕಣ್ಣುಮುಚ್ಚಿ ಪಂಚಾಕ್ಷರಿ ಹೇಳಿದೆ. ಕಣ್ಣು ತೆರೆದಾಗ ಬಸವ ಏನನ್ನೋ ಅಗಿಯುತ್ತ ಮುಂದೆ ಹೋಗಿತ್ತು. ಅದು ತೋರಣದ ಮಾವಿನೆಲೆಯನ್ನೆಲ್ಲ ತಿಂದು, ಕಹಿಯೆಂದು ಬೇವನ್ನು ಮಾತ್ರ ಬಿಟ್ಟಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ನನ್ನ ಭಕ್ತಿ ಸ್ವಲ್ಪ ಕಡಿಮೆಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಎರಡನೆಯದು ಒಳಗೆ. ಹಿಂದಿನ ದಿನ ಅಜ್ಜಿ ಗುರುಗಳ ಆರತಿಗೆಂದು ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡುವುದನ್ನು ಮಕ್ಕಳು ನೋಡಿದ್ದರು. ಅಡಿಗೆಮನೆಯಲ್ಲಿ ಅರಿಶಿನವಿತ್ತು. ಬಳಿದು ಉಳಿದ ಸುಣ್ಣ ಹಿತ್ತಲಲ್ಲಿತ್ತು. ಜೋಳದ ದಂಟಿನ ತುಂಡು ಕೈಯಲ್ಲಿತ್ತು. ಗೋಡೆ ಮುಟ್ಟುವ ಹಾಗಿರಲಿಲ್ಲ. ಎದುರಿಗೆ ಮಾಮನ ಅಗಲವಾದ ಬೆನ್ನಿತ್ತು. ಮಕ್ಕಳು ವಿಧೇಯರು, ಗೋಡೆ ಮುಟ್ಟಲಿಲ್ಲ.

ಸುಮಾರು ನಾಲ್ಕು ಗಂಟೆಗೆ ನನ್ನ ಹೆಂಡತಿ ಪುಟ್ಟಕ್ಕ ನೀರಿಗೆಂದು ಹೊರಗೆ ಹೋದವಳು ಖಾಲಿ ಕೊಡ ಹಿಡಿದು ಹಿಂದಕ್ಕೆ ಬಂದಳು. ಮುಖ ಬಿಳುಚಿತ್ತು.

"ನೋಡ್ರಿ, ಉಜ್ಜನಪ್ಪನ ಮನೆಗೆ ಅಮ್ಮ ಬಂದಾಳ."

"ಯಾರ ಅಮ್ಮ? ಅವರಮ್ಮ ಅಲ್ಲೇ ಇದ್ದಾಳಲ್ಲ."

"ಥೂ, ಬಿಡ್ತು ಅನ್ರಿ! ಬಾಗಿಲಿಗೆ ಬರೇ ಬೇವು ಕಟ್ಟ್ಯಾರೆ."

ನಾನು ಗಲ್ಲಕ್ಕೆ ಬಡಿದುಕೊಂಡೆ. ಬೆಳಿಗ್ಗೆ ಕಂಡ ಮಾವಿನೆಲೆ ಆ ಹೊತ್ತಿಗೆ ನೆನಪಾಗಲೇ ಇಲ್ಲ. ಯುಗಾದಿ ಮುಗಿದು ತಿಂಗಳಾಗಿತ್ತು. ಮಾವಿಲ್ಲದ ಬರಿ ಬೇವು ಬಾಗಿಲಿಗೆ ಬಂತೆಂದರೆ ಆ ಮನೆಯಲ್ಲಿ ಸಿಡುಬು ಎಂದೇ ಅರ್ಥ. ಯಾರೂ ಆ ಹೆಸರು ಹೇಳುವುದಿಲ್ಲ. ಅಮ್ಮ ಬಂದಳು ಎಂದು ಕೈಮುಗಿಯುತ್ತಾರೆ, ತಣ್ಣಗಾಗಲಿ ಎಂದು ಮೊಸರನ್ನದ ಎಡೆ ಇಡುತ್ತಾರೆ, ಮತ್ತು ಆ ಹೊಸಲು ದಾಟುವುದಿಲ್ಲ. ಪುಟ್ಟಕ್ಕ ತನ್ನ ಸೊಟ್ಟ ಕಿರುಬೆರಳಿನ ಕೈಯಿಂದಲೇ ಮನೆಯಲ್ಲಿದ್ದ ಅಷ್ಟೂ ಮೊಸರಿಗೆ ಅನ್ನ ಕಲಸಿ ಒಯ್ದು ಅವರ ಕಟ್ಟೆಯ ಮೇಲಿಟ್ಟಳು. ಓಣಿಯ ತುದಿಯ ಉಚ್ಚೆಂಗೆಮ್ಮ ಅದನ್ನು ಕಂಡಳು. ಉಚ್ಚೆಂಗೆಮ್ಮ ಕಂಡದ್ದನ್ನು ದಾವಣಗೆರೆ ಕಾಣಲು ಅರ್ಧ ಗಂಟೆ ಸಾಕು. ಐದು ಗಂಟೆಯ ಹೊತ್ತಿಗೆ ಕಟ್ಟೆಯ ಮೇಲೆ ಹದಿನಾಲ್ಕು ಬೋಗುಣಿ ಮೊಸರನ್ನವಿತ್ತು, ಓಣಿಯಲ್ಲಿ ಜನ ತುಂಬಿತ್ತು.

ಗದ್ದಲಕ್ಕೆ ಎಚ್ಚರವಾಗಿ ಉಜ್ಜನಪ್ಪ ಬರಿಮೈಯಲ್ಲೇ ಬಾಗಿಲಿಗೆ ಬಂದ. ಮೊಸರನ್ನದ ಸಾಲು ನೋಡಿದ. "ಏನ್ರಿ ಇದು? ಪಾದಪೂಜೆ ನಾಳೆ. ಇವತ್ತೇ ಯಾಕ ತಂದೀರಿ?" ಎಂದ.

ಉಚ್ಚೆಂಗೆಮ್ಮ ದೂರದಿಂದಲೇ ಸೆರಗೊಡ್ಡಿದಳು. "ಯಪ್ಪಾ, ಯಾರಿಗೆ ಬಂದಾಳ ತಾಯಿ? ಮಕ್ಕಳಿಗಾ, ಮುದುಕಿಗಾ?"

"ಯಾವ ತಾಯಿ? ನಮ್ಮ ಮನಿಗೆ ಯಾರೂ ಬಂದಿಲ್ಲ!"

"ಇಲ್ಲ ಅನ್ಬ್ಯಾಡಪ್ಪ, ಆಕಿ ಸಿಟ್ಟಾಗ್ತಾಳ!"

"ಅಯ್ಯ, ಬೇವು ನೋಡಿ ಹಂಗಂತೀರಾ? ಅದು ಚಿತ್ರಕಲೆ! ಮಕ್ಕಳು ಮಾಡಿದ್ದು. ಮಾವಿನೆಲೆನೂ ಐತೆ. ಇಲ್ಲಿ ನೋಡ್ರಿ" ಎಂದು ಉಜ್ಜನಪ್ಪ ತೋರಣವನ್ನು ತೋರಿಸಲು ಬಾಗಿಲ ಕಡೆ ತಿರುಗಿದ.

ಅಂದರೆ ಬೆನ್ನನ್ನು ನಮ್ಮ ಕಡೆ ತಿರುಗಿಸಿದ.

ಅಂಥ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಎಪ್ಪತ್ತು ಎಂಬತ್ತು ಜನ ಒಟ್ಟಿಗೆ ಉಸಿರು ಒಳಗೆಳೆದುಕೊಂಡರು. ಕತ್ತಿನಿಂದ ಸೊಂಟದವರೆಗೆ ಕೆಂಪು ಬೊಟ್ಟುಗಳು. ದುಂಡಗೆ, ಒತ್ತೊತ್ತಾಗಿ, ರಕ್ತದ ಬಣ್ಣದವು. ಜನ ಹತ್ತು ಹೆಜ್ಜೆ ಹಿಂದಕ್ಕೆ ಹೋದರು. ಹಿಂದಿದ್ದವರ ಕಾಲು ತುಳಿದರು. ಯಾರೋ ಊರದೇವತೆ ದುಗ್ಗಮ್ಮನಿಗೆ ಹರಕೆ ಹೊತ್ತರು. ಉಚ್ಚೆಂಗೆಮ್ಮ ನೆಲಕ್ಕೆ ಹಣೆ ಹಚ್ಚಿದಳು.

ಉಜ್ಜನಪ್ಪನಾದರೋ ಇನ್ನೂ ತೋರಣವನ್ನೇ ನೋಡುತ್ತಿದ್ದ. "ಮಾವಿನೆಲೆ ಎಲ್ಲಿ ಹೋತು?" ಎಂದ. ಇಂಥ ಕಾಲದಲ್ಲೂ ಮಾವಿನೆಲೆ ಕೇಳುತ್ತಿದ್ದಾನಲ್ಲ, ಜ್ವರ ತಲೆಗೇರಿದೆ ಎಂದು ಎಲ್ಲರೂ ಮರುಗಿದರು.

ಅವನು ಒಳಗೆ ಹೋದಾಗ ಅನ್ನಪೂರ್ಣಮ್ಮ ಗಂಡನ ಬೆನ್ನು ನೋಡಿ ಕಿರಿಚಿದಳು. ನೀಲಿ ತಕ್ಷಣ ನಿಜ ಹೇಳಿದಳು. "ನಾವೇ ಅತ್ತಿ, ದಂಟಿಂದ ಹಚ್ಚಿದ್ವಿ. ಗೋಡೆ ಮುಟ್ಟಬ್ಯಾಡ ಅಂದಿದ್ರು ಮಾಮ."

ಅನ್ನಪೂರ್ಣಮ್ಮನಿಗೆ ಹೋದ ಜೀವ ಬಂತು. ಬಟ್ಟೆ ಸೋಪು ತಂದು ಗಂಡನ ಬೆನ್ನನ್ನು ಕಲ್ಲಿನ ಮೇಲಿನ ಪಂಚೆಯಂತೆ ಉಜ್ಜಿದಳು. ಅರಿಶಿನಕ್ಕೆ ಸೋಪು ಬಿದ್ದರೆ ಕೆಂಪು ಹೋಗುವುದಿಲ್ಲ, ಏರುತ್ತದೆ. ನೀರು ಸುರಿದು ನೋಡಿದರೆ ಬೊಟ್ಟುಗಳು ಮೊದಲಿಗಿಂತ ಕೆಂಪಗೆ ಅರಳಿದ್ದವು.

"ಆಟದ ಬಣ್ಣ ಆಗಿದ್ರೆ ಸೋಪಿಗೆ ಹೋಗ್ತಿತ್ತು" ಎಂದು ಅನ್ನಪೂರ್ಣಮ್ಮ ನೆಲಕ್ಕೆ ಕುಸಿದಳು. "ಪಾಪ, ಮಾಮನ್ನ ಉಳಿಸಾಕೆ ಮಕ್ಕಳು ಸುಳ್ಳು ಹೇಳ್ತಾವೆ!"

ಹಬ್ಬಹಬ್ಬಕ್ಕೂ ಆರತಿಗೆ ಅರಿಶಿನ ಸುಣ್ಣ ಬೆರೆಸಿದ ಕೈ ಅವಳದು. ಓಣಿಯಲ್ಲಿ ಅಂಥ ನಲವತ್ತು ಕೈಗಳಿದ್ದವು. ಒಬ್ಬರಿಗೂ ಹೊಳೆಯಲಿಲ್ಲ. ಭಯ ಬಂದ ಮನೆಯಿಂದ ನೆನಪು ಮೊದಲು ಓಡಿಹೋಗುತ್ತದೆ. ಉಜ್ಜನಪ್ಪನೇ ಹಣೆ ಮುಟ್ಟಿಕೊಂಡು, "ಬೆಚ್ಚಗೈತೆ ಕಣೇ" ಎಂದ. ಇನ್ನೊಂದು ಗಳಿಗೆಗೆ, "ಕಾಲೂ ನೋಯ್ತಾವೆ" ಎಂದ. ದೀಪ ಹಚ್ಚುವ ಮೊದಲೇ ನರಳತೊಡಗಿದ.

ಬೇವನ್ನಾದರೂ ಬಿಚ್ಚೋಣವೆಂದರೆ ಮರುಳಸಿದ್ದಮ್ಮ ಕೋಲು ಅಡ್ಡ ಹಿಡಿದಳು. "ಕಟ್ಟಿದ ಬೇವು ಕೀಳಂಗಿಲ್ಲ. ಕರದು ಬಾಗಿಲು ಹಾಕಿದಂಗ ಆಗ್ತೈತೆ. ಆಮ್ಯಾಲೆ ಖರೇನೇ ಬರ್ತಾಳ."

ಅಷ್ಟರಲ್ಲಿ ಮಠದ ಕಡೆಯಿಂದ ತೋಟಪ್ಪ ಬಂದರು. ಪಾದಪೂಜೆಗಳ ಪಟ್ಟಿ ನೋಡಿಕೊಳ್ಳುವವರು. ಹತ್ತು ಮಾರು ದೂರ ನಿಂತು, ಮೂಗಿಗೆ ಹೆಗಲ ವಲ್ಲಿ ಹಿಡಿದು ಕೂಗಿದರು.

"ಉಜ್ಜನಪ್ನೋರೇ, ನಾಳೆ ನಿಮ್ಮನೆ ಪೂಜೆ ಇಲ್ಲ. ಪ್ಯಾಟಿ ಕಡೆಯವರಿಗೆ ಕೊಟ್ಟೀವಿ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ, ಮುಂದಿನ ಸರದಿಗೆ ನೋಡಣಂತೆ."

"ಮುಂದಿನ ಸರದಿ ಯಾವಾಗ್ರಿ?" ಎಂದು ಬಾಗಿಲ ಮರೆಯಿಂದ ಮುದುಕಿಯ ದನಿ ಬಂತು.

ತೋಟಪ್ಪ ಬೆರಳು ಮಡಿಸಿ ಎಣಿಸಿದರು. ಎರಡೂ ಕೈ ಮುಗಿದವು. ಮತ್ತೆ ಮೊದಲಿಂದ ಎಣಿಸತೊಡಗಿದರು. ಮರುಳಸಿದ್ದಮ್ಮ ಅದನ್ನು ಪೂರ್ತಿ ನೋಡಲಿಲ್ಲ. ಒಳಗೆ ಹೋಗಿ, ಗುರುಗಳಿಗೆಂದು ಹಾಕಿದ್ದ ಮಣೆಯ ಮುಂದೆ ಕೂತುಕೊಂಡಳು. ಅಳಲಿಲ್ಲ. ಬೆಳ್ಳನೆಯ ಗೋಡೆಯನ್ನು ನೋಡುತ್ತ ಕೂತಳು. ಪುಟ್ಟಕ್ಕ ಅದನ್ನು ಕಿಟಕಿಯಿಂದ ಕಂಡು ಬಂದು ಆ ರಾತ್ರಿ ಊಟ ಮಾಡಲಿಲ್ಲ. ನನಗೂ ಬಡಿಸಲು ಮರೆತಳು.

ಸೋಮವಾರ ಬೆಳಗಾಗುತ್ತಲೇ ಹರಿಹರದಿಂದ ಹಾಲಮ್ಮ ಓಡಿ ಬಂದಳು. ಬಸ್ಸಿನವರ ಬಾಯಿಂದ ಸುದ್ದಿ ಅಲ್ಲಿಗೆ ತಲುಪುವ ಹೊತ್ತಿಗೆ ಉಜ್ಜನಪ್ಪ ಎರಡು ಸಲ ಸತ್ತಿದ್ದ. "ಅಣ್ಣಾ!" ಎಂದು ಬಾಯಿ ಬಡಿದುಕೊಳ್ಳುತ್ತ ಬಂದವಳು ಕಟ್ಟೆಯ ಮೇಲೆ ಬೇವಿನೆಲೆ ಹಾಸಿ ಕೂಡಿಸಿದ್ದ ಅಣ್ಣನನ್ನು ನೋಡಿ, "ಅಯ್ಯೋ, ಇನ್ನೂ ಇದ್ದೀಯಾ!" ಎಂದಳು. ಅದು ಸಂತೋಷದ ಮಾತು. ಕೇಳಿದವರಿಗೆ ಹಾಗನ್ನಿಸಲಿಲ್ಲ.

ಓಣಿಯ ಹೆಂಗಸರು ಅರಿಶಿನ ಕಲಸಿದ ನೀರಿನ ಕೊಡಗಳನ್ನು ತಂದು ಹೊಸಲಿಗೆ ಸುರಿಯುತ್ತಿದ್ದರು. ಎಲ್ಲರ ಕೈಗಳೂ ಹಳದಿ. ಅದೇ ಸಮಯಕ್ಕೆ ಮುನಿಸಿಪಾಲಿಟಿಯ ಹಯಾತ್ ಸಾಬ್ ಪೆಟ್ಟಿಗೆ ಹಿಡಿದು ಬಂದರು. ಊರಿಗೆಲ್ಲ ಸಿಡುಬಿನ ಚುಚ್ಚುಮದ್ದು ಹಾಕುವವರು. ಅವರ ಸೈಕಲ್ಲಿನ ಗಂಟೆ ಕೇಳಿದರೆ ಗಂಡಸರೂ ಹಿತ್ತಲಿಗೆ ಓಡುತ್ತಿದ್ದರು. ಅವರು ಧೈರ್ಯವಾಗಿ ಉಜ್ಜನಪ್ಪನ ಬೆನ್ನ ಮೇಲೆ ಕೈಯಾಡಿಸಿದರು.

"ಕ್ಯಾ ರೀ ಇದು? ಗುಳ್ಳೆ ಎಲ್ಲೈತೆ? ಸಪಾಟೈತೆ. ಚಾದರದ ಮ್ಯಾಲೆ ಛಾಪಾ ಹೊಡದಂಗೈತೆ!"

"ನಿಮಗೇನು ಗೊತ್ತು ಸಾಬ್ರೇ? ಅಮ್ಮ ಒಳಗಿಂದ ಬರ್ತಾಳ" ಎಂದು ಉಚ್ಚೆಂಗೆಮ್ಮ ಅವರನ್ನು ಸರಿಸಿ, ಬೋಗುಣಿಯಿಂದ ರಾತ್ರಿ ಹುಳಿಯೇರಿದ ಮೊಸರನ್ನವನ್ನು ಬೊಗಸೆಯಲ್ಲಿ ತೆಗೆದು, "ತಣ್ಣಗಾಗು ತಾಯಿ, ತಣ್ಣಗಾಗು" ಎಂದು ಅವನ ಬೆನ್ನಿಗೆ ಪಟಪಟನೆ ಬಳಿದಳು.

ಮತ್ತೆ ಆ ಸದ್ದು. ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರು. ಮೊಸರು ತಾಗಿದಲ್ಲೆಲ್ಲ ಕೆಂಪು ಮಾಯವಾಗುತ್ತಿತ್ತು! ಕೆಂಪಿದ್ದಲ್ಲಿ ತೆಳ್ಳನೆಯ ಅರಿಶಿನದ ಬಣ್ಣ ಉಳಿಯುತ್ತಿತ್ತು.

"ಹೋದಳು! ತಾಯಿ ಅರಿಶಿನ ಇಟ್ಟು ಹೋದಳು!" ಎಂದು ಉಚ್ಚೆಂಗೆಮ್ಮ ಕೂಗಿದಳು. ನೆರೆದವರೆಲ್ಲ ಉಜ್ಜನಪ್ಪನ ಬೆನ್ನಿಗೆ ಕೈಮುಗಿದರು. ಉಜ್ಜನಪ್ಪನ ಕಾಲುನೋವು ಆ ಕ್ಷಣವೇ ನಿಂತಿತು.

ಹಯಾತ್ ಸಾಬರು ಬೋಗುಣಿ ನೋಡಿದರು, ಬೆನ್ನು ನೋಡಿದರು, ನೀಲಿಯ ಕೆಂಪಾದ ಬೆರಳುಗಳನ್ನು ನೋಡಿದರು. ಹಣೆ ಚಚ್ಚಿಕೊಂಡರು. "ಅರಿಶಿನ ಸುಣ್ಣ ರೀ ಇದು! ಹುಳಿ ಬಿತ್ತು, ಹೋತು! ನಮ್ಮ ಮನಿ ಮಕ್ಕಳಿಗೂ ಗೊತ್ತು!"

ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಸಾಬರಿಗೆ ರೇಗಿತು. "ಹಂಗಾ? ಅಮ್ಮ ಬಂದಿದ್ದು ಖರೇ ಅಂತೀರಲ್ಲ. ಹಂಗಾದ್ರೆ ಇಡೀ ಓಣಿಗೆ ಚುಚ್ಚೋದು ನನ್ನ ಡ್ಯೂಟಿ. ಸಾಲಾಗಿ ನಿಂದ್ರಿ!" ಎಂದು ಓಣಿಯ ಬಾಯಿಗೆ ಸೈಕಲ್ಲು ಅಡ್ಡ ನಿಲ್ಲಿಸಿ ಪೆಟ್ಟಿಗೆ ತೆರೆದರು.

ನಮ್ಮದು ಒಂದೇ ಬಾಯಿಯ ಓಣಿ. ಹಿಂದಿನ ದಿನದಿಂದ ಯಾರು ಆ ಹೊಸಲು ದಾಟಲು ಹೆದರಿ ಹೊರಗೇ ನಿಂತಿದ್ದರೋ ಅವರೇ ಈಗ ಒಬ್ಬರ ಮೇಲೊಬ್ಬರು ಬಿದ್ದು ಉಜ್ಜನಪ್ಪನ ಮನೆಯೊಳಗೆ ನುಗ್ಗಿದರು. ಸಿಡುಬಿನ ಮನೆಗೆ ಹೋಗಿ ಸೂಜಿಯಿಂದ ಬಚ್ಚಿಟ್ಟುಕೊಂಡ ಜನರನ್ನು ನಾನು ಅಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ನನ್ನ ಪುಟ್ಟಕ್ಕನೂ ಅರಿಶಿನದ ಕೈಯಲ್ಲೇ ನುಗ್ಗಿದಳು. ನಾನೂ ಅವಳನ್ನು ಹುಡುಕುವ ನೆಪದಲ್ಲಿ ಒಳಗೆ ಹೋದೆ.

ನಡುಮನೆ ಕಿಕ್ಕಿರಿಯಿತು. ಬೀಳಬಾರದೆಂದು ಹೆಂಗಸರು ಗೋಡೆಗೆ ಕೈಯೂರಿದರು. ಒದ್ದೆ ಅರಿಶಿನದ ಕೈಗಳು. ಮೊನ್ನೆ ಬಳಿದ ಸುಣ್ಣದ ಗೋಡೆ. ಕೈ ತೆಗೆದಾಗ ಹಳದಿ ಕೈಯ ಗುರುತು ಗೋಡೆಯ ಮೇಲೆ ಕೆಂಪಗೆ ಮೂಡಿತು.

"ಅಮ್ಮನ ಕೈ!" ಎಂದು ಯಾರೋ ಚೀರಿದರು. ಬೆಚ್ಚಿಬಿದ್ದು ಇನ್ನೊಂದು ಗೋಡೆಗೆ ಸರಿದರು. ಅಲ್ಲೂ ಮೂಡಿತು. ಮೂರನೆಯ ಗೋಡೆಗೆ ಓಡಿದರು. ಹೀಗೆ ಸ್ವಲ್ಪ ಹೊತ್ತಿನಲ್ಲಿ ನಾಲ್ಕೂ ಗೋಡೆಗಳ ಮೇಲೆ ನೂರಾರು ಕೆಂಪು ಕೈಗಳು ಮೂಡಿದವು. ಅನ್ನಪೂರ್ಣಮ್ಮ ಮಾತ್ರ ಅಮ್ಮನಿಗೂ ಹೆದರದೆ, "ಗೋಡೆ! ನನ್ನ ಗೋಡೆ!" ಎಂದು ಒದರುತ್ತಿದ್ದಳು.

ಆಗ ಹೊರಗೆ ಗದ್ದಲ ಥಟ್ಟನೆ ನಿಂತಿತು. ಮರದ ಹಾವಿಗೆಯ ಸಪ್ಪಳ ಕೇಳಿ ನಾನು ಕಿಟಕಿಯಿಂದ ಇಣುಕಿದೆ. ಹಿರಿಯ ಗುರುಗಳು ಬರುತ್ತಿದ್ದರು. ಅವರ ಹಿಂದೆ ತೋಟಪ್ಪ ಬೆವರುತ್ತ, "ಬುದ್ಧಿ, ಆ ಮನಿ ಬ್ಯಾಡ, ಪ್ಯಾಟಿ ಕಡೆ..." ಎನ್ನುತ್ತ ಬರುತ್ತಿದ್ದರು.

"ಬ್ಯಾನಿ ಬಂದ ಮನಿ ಅಂತ ಬಿಟ್ಟು, ಚಲೋ ಇರೋ ಮನಿಗೆ ಹೋಗಾಕೆ ಗುರು ಯಾಕ ಬೇಕು ತೋಟಪ್ಪ?" ಎಂದರು ಗುರುಗಳು. ಸೈಕಲ್ಲಿನ ಹತ್ತಿರ ನಿಂತು ಹಯಾತ್ ಸಾಬರನ್ನು ವಿಚಾರಿಸಿದರು. ಸಾಬರು ಎರಡೇ ಮಾತಿನಲ್ಲಿ ಎಲ್ಲವನ್ನೂ ಹೇಳಿದರು. ಗುರುಗಳ ಗಡ್ಡ ಸ್ವಲ್ಪ ಅಲುಗಿತು. ಕಾವಿಯನ್ನು ಸರಿಸಿ ತೋಳು ಮುಂದೆ ಮಾಡಿದರು. "ಮೊದಲು ನಮಗ ಹಾಕ್ರಿ ಸಾಬ್ರೇ. ಆಮ್ಯಾಲೆ ಇವರು ಎಲ್ಲಿಗೆ ಓಡ್ತಾರೆ ನೋಡಣ."

ಗುರುವೇ ಚುಚ್ಚಿಸಿಕೊಂಡ ಮೇಲೆ ಶಿಷ್ಯರಿಗೆ ದಾರಿಯೇ ಇರಲಿಲ್ಲ. ತೋಟಪ್ಪ ಎರಡನೆಯವರಾದರು, ಗುರುಗಳೇ ಅವರ ಕೈ ಹಿಡಿದುಕೊಂಡಿದ್ದರು.

ಆಮೇಲೆ ಗುರುಗಳು ಬೇವಿನ ತೋರಣದ ಕೆಳಗೆ ತಲೆಬಾಗಿ, ಹೊಸಲು ದಾಟಿ ಒಳಗೆ ಬಂದರು. ಮರುಳಸಿದ್ದಮ್ಮ ನಿನ್ನೆ ಸಂಜೆ ಕೂತ ಕಡೆಯೇ, ಮಣೆಯ ಮುಂದೆ ಕೂತಿದ್ದಳು. ಆ ನೂಕುನುಗ್ಗಲಿನಲ್ಲೂ ಒಬ್ಬರ ಕಾಲೂ ಆ ಮಣೆಗೆ ತಾಗದಂತೆ ಕೋಲು ಅಡ್ಡ ಹಿಡಿದು ಕಾಯ್ದಿದ್ದಳು. ಗುರುಗಳು ಮಣೆಯ ಮೇಲೆ ಕೂತರು. ಮುದುಕಿ ಅವರ ಪಾದಕ್ಕೆ ನೀರೆರೆದಳು. ಅರ್ಧ ನೀರು ತನ್ನ ಸೀರೆಯ ಮೇಲೇ ಬಿತ್ತು. ಆಗ ಅತ್ತಳು.

ಪೂಜೆ ಮುಗಿದು ಗುರುಗಳು ತಲೆಯೆತ್ತಿ ಸುತ್ತಲಿನ ಗೋಡೆಗಳನ್ನು ನೋಡಿದರು. ಉಜ್ಜನಪ್ಪನ ಮುಖ ಸುಣ್ಣವಾಯಿತು.

"ಈ ಚಿತ್ರ ಎಲ್ಲ ನೀವು ಬರೆದಿದ್ದೇನವ್ವಾ?" ಎಂದು ಮಕ್ಕಳನ್ನು ಕೇಳಿದರು.

"ಇಲ್ಲ ಬುದ್ಧಿ" ಎಂದಳು ಕೊಟ್ರಿ. "ನಾವು ಗೋಡೆ ಮುಟ್ಟೇ ಇಲ್ಲ. ದೊಡ್ಡೋರು ಬರೆದ್ರು."

ಗುರುಗಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುಳಸಿದ್ದಮ್ಮ ತನ್ನ ಮಾತಿನಂತೆ ಕಣ್ಣು ಮುಚ್ಚಲಿಲ್ಲ. ಇನ್ನೂ ಆರು ವರ್ಷ ಇದ್ದು, ಗುರುಗಳು ಬಂದ ಕಥೆಯನ್ನು ಎಲ್ಲರಿಗೂ ಹೇಳಿ ಹೋದಳು. ಮುಂದಿನ ವರ್ಷ ಅನ್ನಪೂರ್ಣಮ್ಮ ಮತ್ತೆ ಸುಣ್ಣ ಬಳಿಸಲು ಹೊರಟಾಗ, ಗುರುಗಳು ನೋಡಿ ನಕ್ಕ ಗೋಡೆಯನ್ನು ಮುಟ್ಟಕೂಡದು ಎಂದು ಮುದುಕಿ ಕೋಲು ಅಡ್ಡ ಹಿಡಿದಳು. ಕಡೆಗೆ ಮೂರು ಗೋಡೆಗೆ ಸುಣ್ಣ, ಒಂದಕ್ಕೆ ಇಲ್ಲ ಎಂದು ರಾಜಿಯಾಯಿತು.

ಆ ಗೋಡೆಯ ಬಣ್ಣ ಈಗ ಬಹಳ ಮಾಸಿದೆ. ಬಾಗಿಲ ಎಡಕ್ಕೆ, ನನ್ನ ಎದೆಯ ಎತ್ತರಕ್ಕೆ, ಕಿರುಬೆರಳು ಸೊಟ್ಟಗಿರುವ ಕೈಯೊಂದು ಇದೆ. ಒನಕೆ ಬಿದ್ದು ಸೊಟ್ಟಗಾದ ಬೆರಳು ಅದು. ಪುಟ್ಟಕ್ಕ ಶಿವನ ಪಾದ ಸೇರಿದ ಮೇಲೆ ನಾನು ಸಂಜೆ ಹೊತ್ತು ಉಜ್ಜನಪ್ಪನ ಮನೆಗೆ ಹೆಚ್ಚಾಗಿ ಹೋಗುತ್ತೇನೆ. ಅವನು ಈಗ ಜೇನು ಸಾಕುವುದರಲ್ಲಿ ಪಂಡಿತನಾಗಿದ್ದಾನೆ. ಅದನ್ನೇ ಹೇಳುತ್ತಿರುತ್ತಾನೆ. ನಾನು ಹೂಂಗುಡುತ್ತ ಆ ಗೋಡೆಗೆ ಎದುರಾಗಿ ಕೂಡುತ್ತೇನೆ. ಅವನು ಎಂದೂ ನನ್ನನ್ನು ಬೇರೆ ಕಡೆ ಕೂಡ್ರಿ ಎಂದಿಲ್ಲ.